ಇಸವಿ ಇಲ್ಲದ ಮಳೆಗಳು

ಕೊಳ್ಳೇಗಾಲದಲ್ಲಿ ನಾನು ಬಹಳ ವರ್ಷ ಕಾಗದದ ಪೊಟ್ಟಣ ಮಾಡಿ ಅಂಗಡಿಗಳಿಗೆ ಹಾಕುತ್ತಿದ್ದೆ. ರದ್ದಿ ಅಂಗಡಿಯಿಂದ ಹಳೇ ಪೇಪರು ಹೊತ್ತು ತರುವುದು, ಹಾಳೆ ಬಿಡಿಸುವುದು, ಅಳತೆಗೆ ಕತ್ತರಿಸುವುದು, ಮೈದಾ ಗಂಜಿಯಲ್ಲಿ ಅಂಟಿಸಿ ನೆರಳಲ್ಲಿ ಒಣಗಿಸುವುದು. ಗಂಜಿಗೆ ಚೂರು ಮೈಲುತುತ್ತ ಹಾಕದಿದ್ದರೆ ಜಿರಳೆ ತಿಂದುಹಾಕುತ್ತದೆ. ದೊಡ್ಡ ಪೇಪರಿನ ಒಂದು ಹಾಳೆಗೆ ಎಂಟು ಪೊಟ್ಟಣ ಬರಬೇಕು. ಏಳೇ ಬಂದರೆ ಕತ್ತರಿ ಹಿಡಿದವಳಿಗೆ ಕೆಲಸ ಗೊತ್ತಿಲ್ಲ ಎಂದು ಅರ್ಥ. ನನಗೆ ಕೆಲಸ ಗೊತ್ತಿತ್ತು. ಮುಂದೆ ಆದ ಅನಾಹುತ ಕೆಲಸ ಗೊತ್ತಿದ್ದುದರಿಂದಲೇ ಆಯಿತು.

ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಬೀದಿಯ ತುದಿಗೆ ದೊಡ್ಡವರಿಗೆ ಅಕ್ಷರ ಕಲಿಸುವ ಕ್ಲಾಸು ಬಂತು. ನನಗೆ ಆಗಲೇ ನಲವತ್ತರ ಹತ್ತಿರ. ಮಕ್ಕಳಿರಲಿಲ್ಲ. ನಮ್ಮ ಯಜಮಾನರು ರೈಸ್‌ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರು. “ಓಗಿ ಕಲ್ತ್ಕೊ, ಮನೇಲಿ ಕುಂತು ನನ್ ತಲೆ ತಿನ್ನೋದ್ಕಿಂತ ವಾಸಿ” ಅಂದರು. ಹೋದೆ. ಮೊದಲು ಹೆಸರು ಬರೆಯಲು ಕಲಿಸಿದರು. ಅದು ನನಗೆ ಹಿಡಿಸಲಿಲ್ಲ. ನನ್ನ ಹೆಸರು ನನಗೆ ಮೊದಲೇ ಗೊತ್ತಿತ್ತಲ್ಲ. ಆಮೇಲೆ ಒಂದು ದಿನ ಸ್ಲೇಟಿನ ಮೇಲೆ ಮಳೆ ಅಂತ ಬರೆಸಿದರು. ಮಾರನೇ ಬೆಳಗ್ಗೆ ಕತ್ತರಿಸಲು ಕೂತರೆ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಮಳೆ ಕಾಣತೊಡಗಿತು. ಅಷ್ಟು ವರ್ಷವೂ ಅದು ಅಲ್ಲೇ ಇತ್ತು. ನಾನು ಅದರ ಮೇಲೆ ಗಂಜಿ ಬಳಿಯುತ್ತಿದ್ದೆ.

ನಮ್ಮಪ್ಪ ಮಾಂಬಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದ. ಹಬ್ಬಕ್ಕೆ ಹೋದಾಗ ನಾನು ಓದು ಕಲಿತ ಜಂಬಕ್ಕೆ ಒಂದು ಪೇಪರಿನ ಚೂರು ಹಿಡಿದುಕೊಂಡು ಹೋಗಿ ಜಗಲಿಯ ಮೇಲೆ ಕೂತು ಓದಿದೆ.

“ಮೃಗಶಿರ ಮಳೆ ಜೋರಾಗ್ ಅದಂತೆ ಕಣಪ್ಪ. ಪೇಪರ್ನಲ್ಲಿ ಬಂದದೆ.”

“ಪೇಪರ್ಗೆ ಬಂತಾ, ಒಲಕ್ಕೆ ಬಂತಾ?”

“ಮಡಿಕೇರೀಲಂತೆ.”

“ಅಂಗಾರೆ ನಿಮ್ಮಪ್ಪ ಕೂರಿಗೆ ಒತ್ಕಂಡು ಮಡಿಕೇರಿಗೋಗಿ ಬಿತ್ಕಂಡ್ ಬತ್ತಾನೆ ಬುಡು.”

ಅವತ್ತಿನಿಂದ ಅದೊಂದು ಆಟವಾಯಿತು. ನಾನು ಹೋದ ಸಲವೆಲ್ಲ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು, “ಏನಮ್ಮಿ, ಸ್ವಾತಿಗೆ ಏನ್ ಬುರುಡೆ ಬುಟ್ಟವ್ರೆ?” ಅಂತ ಕೇಳುವನು. ಅಪ್ಪನಿಗೆ ತಿಂಗಳು, ತಾರೀಕು ಬೇಕಾಗಿರಲಿಲ್ಲ. ಅವನ ಲೆಕ್ಕವೆಲ್ಲ ನಕ್ಷತ್ರದ್ದು. ಹದಿಮೂರೋ ಹದಿನಾಲ್ಕೋ ದಿನಕ್ಕೆ ಒಂದು ಮಳೆ: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ, ಹೀಗೆ ವಿಶಾಖೆಯವರೆಗೆ. ಒಂದೊಂದು ಮಳೆಗೆ ಒಂದೊಂದು ಬಿತ್ತನೆ, ಒಂದೊಂದು ಗುಣ. ಅವನು ಯಾವ ಮಳೆ ಕೇಳಿದರೂ ತಕ್ಷಣ ತೆಗೆದು ಓದಬೇಕು ಅಂತ ನಾನು ಹಳೇ ಸೀರೆಯಲ್ಲಿ ಸಣ್ಣ ಸಣ್ಣ ಚೀಲ ಹೊಲಿದೆ. ಒಂದೊಂದು ಮಳೆಗೆ ಒಂದೊಂದು ಚೀಲ. ಮಳೆ, ಬಿಸಿಲು, ಕೆರೆ ಅಂತ ಸುದ್ದಿ ಕಂಡರೆ ಕತ್ತರಿಸಿ ಆಯಾ ಚೀಲಕ್ಕೆ ಹಾಕುವುದು.

ಯಾವ ಚೀಲಕ್ಕೆ ಎಂದು ಗೊತ್ತಾಗುತ್ತಿದ್ದುದು ಹೇಗೆಂದರೆ, ಸುದ್ದಿಯ ಮೊದಲ ಸಾಲಿನಲ್ಲಿ ಊರ ಹೆಸರು ಹಾಕಿ ತಿಂಗಳು, ತಾರೀಕು ಹಾಕಿರುತ್ತಾರೆ. ಜೂನ್ ಹತ್ತು ಅಂದರೆ ಮೃಗಶಿರ. ಅಕ್ಟೋಬರ್ ಹದಿನೈದು ಅಂದರೆ ಚಿತ್ತೆ. ಇಸವಿ ಅಲ್ಲಿರುವುದಿಲ್ಲ. ಇಸವಿ ಇರುವುದು ಹಾಳೆಯ ನೆತ್ತಿಯ ಮೇಲೆ. ಆ ನೆತ್ತಿಯ ಭಾಗ ನನಗೆ ಪೊಟ್ಟಣಕ್ಕೆ ಬೇಕಿತ್ತು. ನಾನು ಸುದ್ದಿಯನ್ನು ಅದರ ಗೆರೆಗೆ ಸರಿಯಾಗಿ, ಒಂದು ಬೆರಳೂ ಹೆಚ್ಚು ಬಿಡದೆ ಕತ್ತರಿಸಿಕೊಳ್ಳುತ್ತಿದ್ದೆ. ಎಲ್ಲ ವರ್ಷದ ಮೃಗಶಿರವೂ ಒಂದೇ ಚೀಲದಲ್ಲಿ ಬಿದ್ದಿತು. ಅಪ್ಪನಿಗೆ ಅಷ್ಟು ಸಾಕಾಗಿತ್ತು, ನನಗೂ ಸಾಕಾಗಿತ್ತು.

ಅಪ್ಪ ತೀರಿಕೊಂಡ. ನಾಲ್ಕು ವರ್ಷಕ್ಕೆ ನಮ್ಮ ಯಜಮಾನರೂ ಹೋದರು. ಎದೆಯಲ್ಲಿ ಧೂಳು ಸೇರಿದೆ ಅಂದಿದ್ದರು ಡಾಕ್ಟರು. ಉತ್ತರೆ ಮಳೆಯ ದಿನಗಳು, ಒಂದು ಹನಿ ಬಿದ್ದಿರಲಿಲ್ಲ, ಮಣ್ಣು ಮಾಡುವ ಗುಂಡಿ ತೋಡುವವರು ನೆಲ ಗಟ್ಟಿ ಎಂದು ಗೊಣಗಿದರು. ಆಮೇಲೂ ನಾನು ಚೂರು ಕತ್ತರಿಸುವುದನ್ನು ಬಿಡಲಿಲ್ಲ. ಯಾಕೆ ಅಂದರೆ ಗೊತ್ತಿಲ್ಲ. ಕೈಗೆ ಅಭ್ಯಾಸವಾಗಿತ್ತು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ನನ್ನ ತಮ್ಮನ ಮಗಳು ಬಂದಳು. ತಮ್ಮ ಹನೂರಿನಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದ. ಹುಡುಗಿ ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಳು, ಕೊನೆಯ ವರ್ಷ. ಆ ಹೊತ್ತಿಗೆ ಎರಡು ವರ್ಷದಿಂದ ಮಳೆ ಸರಿಯಾಗಿರಲಿಲ್ಲ. ಬೀದಿ ನಲ್ಲಿಯಲ್ಲಿ ಬಿಂದಿಗೆಗಳ ಸಾಲು ಮಧ್ಯಾಹ್ನದವರೆಗೂ ಕರಗುತ್ತಿರಲಿಲ್ಲ. ಅವಳು ಆ ಸಾಲು ದಾಟಿಕೊಂಡು ಬಂದು, ಚಪ್ಪಲಿ ಬಿಡುವ ಮೊದಲೇ, “ಅತ್ತೆ, ನಿನ್ನತ್ರ ಹಳೇ ಪೇಪರ್ ಎಷ್ಟದೆ?” ಅಂದಳು.

“ಉಂಡ್ಯಾ ಅಂತ ಕೇಳೋದು ನಾನು. ಬತ್ತಿದ್ದಂಗೇ ರದ್ದಿ ಕೇಳ್ತೀಯಲ್ಲಮ್ಮಿ. ನಿಮ್ಮಪ್ಪ ಸೈಕಲ್ ಬುಟ್ಟು ಕಡ್ಲೇಪುರಿ ಮಾರಕ್ ನಿಂತ್ನಾ?”

“ಓದಕ್ಕೆ ಅತ್ತೆ. ಭೂಮಿ ಬಿಸಿ ಆಯ್ತಾ ಅದೆ, ಪ್ರಪಂಚ ಪೂರ್ತಿ. ಅದನ್ನ ಪೇಪರ್ನೋರು ಎಂಗ್ ಬರೀತಾರೆ ಅಂತ ನೋಡದೇ ನನ್ ಪ್ರಬಂಧ.”

“ಬಿಸಿಲಾದ್ರೆ ಬಿಸಿಲು ಅಂತ ಬರೀತಾರೆ. ಅದ್ಕೆ ಎರಡ್ ವರ್ಸ ಓದ್ಬೇಕಾ?”

“ಬರೀತಾರಾ? ಅದೇ ಪ್ರಶ್ನೆ.”

ಊಟಕ್ಕೆ ಕೂತಾಗ ಬಿಡಿಸಿ ಹೇಳಿದಳು. ಮೈಸೂರಿನ ಲೈಬ್ರರಿಯಲ್ಲಿ ದೊಡ್ಡ ಪೇಪರುಗಳನ್ನು ಹದಿನೈದು ವರ್ಷದ್ದು ಕಟ್ಟಿಟ್ಟಿದ್ದಾರೆ, ಅವನ್ನೆಲ್ಲ ತಿರುವಿ ಹಾಕಿದ್ದಾಳೆ. ಹೊರದೇಶದಲ್ಲಿ ದೊಡ್ಡವರ ಸಭೆ ನಡೆದರೆ ಒಂದು ವಾರ ಭೂಮಿ ಬಿಸಿಯಾಗುತ್ತದೆ, ಸಭೆ ಮುಗಿದರೆ ತಣ್ಣಗಾಗುತ್ತದೆ. ಉತ್ತರ ತುದಿಯಲ್ಲಿ ಮಂಜುಗಡ್ಡೆ ಕರಗಿದ್ದು ಬರುತ್ತದೆ, ಯಳಂದೂರಿನ ಬಾವಿ ಬತ್ತಿದ್ದು ಬರುವುದಿಲ್ಲ. ಬಂದರೂ ಇದಕ್ಕೂ ಅದಕ್ಕೂ ಏನಾದರೂ ಸಂಬಂಧ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ರಜದಲ್ಲಿ ಅವಳು ಒಂದು ಪೇಪರಿನಲ್ಲಿ ಕೆಲಸ ಕಲಿಯಲು ಹೋಗಿದ್ದಳಂತೆ. ಹನೂರಿನ ಕಾಡಂಚಿನ ಹಳ್ಳಿಗಳಲ್ಲಿ ನೀರಿಲ್ಲದೆ ದನ ಮಾರುತ್ತಿದ್ದಾರೆ ಎಂದು ಬರೆದುಕೊಟ್ಟರೆ, ಅಲ್ಲಿದ್ದವರು, “ಹನೂರಾ? ಕಾಡುಗಳ್ಳಂದು ಏನಾದ್ರೂ ಇದ್ರೆ ಕೊಡು” ಅಂದರಂತೆ. ನಮ್ಮ ಕಡೆಯ ಹೆಸರು ಅಚ್ಚಾಗುತ್ತಿದ್ದುದೇ ಆ ಒಬ್ಬನಿಂದ.

“ಈಗ ನಮ್ ಗೈಡು, ನಿಮ್ಮೂರ್ ಕಡೆ ಸಣ್ಣ ಪೇಪರ್ಗಳು ಹೆಂಗ್ ಬರೆದ್ವು ನೋಡು ಅಂತವ್ರೆ. ಆ ನಾಲ್ಕ್ ಪುಟದ ಪೇಪರ್ ಯಾರೂ ಮಡಗಿಲ್ಲ ಅತ್ತೆ. ಅಚ್ ಹಾಕಿದೋರೇ ರದ್ದಿಗೆ ಹಾಕವ್ರೆ.”

“ರದ್ದಿಗೆ ಹಾಕಿದ್ರೆ ನನ್ ಮನೇಗ್ ಬಂದಿರ್ತದೆ” ಅಂದು ನಾನು ಅಟ್ಟದಿಂದ ಚೀಲಗಳನ್ನು ಇಳಿಸಿದೆ.

ಅವಳು ಕೈ ತೊಳೆಯಲೇ ಇಲ್ಲ. ಎಡಗೈಯಲ್ಲಿ ಒಂದೊಂದೇ ಚೂರು ತೆಗೆದು ನೋಡಿದಳು, ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. “ನಿಂಗ್ ಗೊತ್ತಾ ಅತ್ತೆ, ಇದು ಯಾರತ್ರನೂ ಇಲ್ಲ!” ನನಗೂ ಸಂತೋಷವಾಯಿತು. ಆಮೇಲೆ ಚೂರನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿದಳು. “ಇಸವಿ ಎಲ್ಲಿ?”

“ಇಸವಿ ಪೊಟ್ಟಣಕ್ಕೋಯ್ತು.”

“ಎಲ್ಲಾದ್ರದ್ದುವಾ?”

“ಎಲ್ಲಾದ್ರದ್ದೂ.”

ಅವಳು ಗೋಡೆಗೆ ತಲೆ ಆನಿಸಿ ಕೂತಳು. ಮೆಲ್ಲಗೆ ಕೇಳಿದಳು, “ಮಂಜುಗಡ್ಡೆ ಕರಗೋದು, ಬಿಳೀ ಕರಡಿ ಚಿತ್ರ, ಅಂಥವು ಬಂದಿದ್ವಾ ಈ ಪೇಪರ್ಗಳಲ್ಲಿ?”

“ಕರಡಿ ಬಂದಿತ್ತು. ನಾಕಾರು ಸಲ ಬಂದಿತ್ತು. ಅದ್ಕೆ ಯಾವ್ ಮಳೆ ಅಂತ ಗೊತ್ತಾಗ್ಲಿಲ್ಲ. ಕರಡೀಲಿ ಕಡ್ಲೇಪುರಿ ಕಟ್ಟಾಯ್ತು.”

ಅಳುತ್ತಾಳೆ ಅಂದುಕೊಂಡೆ. ನಕ್ಕಳು. ಅನ್ನ ತಣ್ಣಗಾಗಿತ್ತು, ಅದನ್ನೇ ಉಂಡಳು.

ಹತ್ತು ದಿನ ನನ್ನ ಮನೆಯಲ್ಲೇ ಇದ್ದಳು. ಜಗಲಿಯ ಮೇಲೆ ಚಾಪೆ ಹಾಸಿ ಚೀಲಗಳನ್ನು ಸಾಲಾಗಿಟ್ಟಳು. ಇಟ್ಟ ಕೂಡಲೇ ಒಂದು ಸಂಗತಿ ನಮ್ಮಿಬ್ಬರ ಕಣ್ಣಿಗೂ ಬಿತ್ತು. ಮೃಗಶಿರ, ಆರಿದ್ರೆಯ ಚೀಲಗಳು ಬಸುರಿಯ ಹಾಗೆ ಉಬ್ಬಿದ್ದವು. ಹಸ್ತ, ಚಿತ್ತೆ, ಸ್ವಾತಿಯವು ಸೊರಗಿದ್ದವು. ನಮ್ಮ ಸೀಮೆಗೆ ಮಳೆ ಬರುವುದು ಹಿಂಗಾರಿನಲ್ಲಿ. ಜೂನಿನಲ್ಲಿ ಇಲ್ಲಿ ಬೀಸುವುದು ಬರೀ ಗಾಳಿ. ಆದರೆ ಪೇಪರಿನವರಿಗೆ ಮಳೆ ಅಂದರೆ ಜೂನ್. ಕೇರಳಕ್ಕೆ ಮುಂಗಾರು ಕಾಲಿಟ್ಟಿತು ಎಂದು ಕೊಡೆಯ ಚಿತ್ರ ಹಾಕಿ, ಅಕ್ಟೋಬರ್ ಹೊತ್ತಿಗೆ ಮಳೆಯನ್ನೇ ಮರೆಯುತ್ತಾರೆ. ನಮ್ಮ ಮಳೆ ಬಂದರೂ ಸುದ್ದಿಯಿಲ್ಲ, ಕೈಕೊಟ್ಟರೂ ಸುದ್ದಿಯಿಲ್ಲ. ಅವಳು ಅದನ್ನು ಬರೆದುಕೊಂಡಳು.

ಒಂದು ಚೂರು ಓದಿ ಅವಳಿಗೆ ಸಿಟ್ಟು ಬಂತು. ಹಸ್ತ ಮಳೆಯದು. ತಾಲೂಕಿನಾದ್ಯಂತ ಉತ್ತಮ ಮಳೆ, ರೈತರ ಮೊಗದಲ್ಲಿ ಮಂದಹಾಸ ಎಂದಿತ್ತು. ಯಾವ ಊರು, ಯಾವ ರೈತ, ಏನೂ ಇರಲಿಲ್ಲ.

“ನೋಡತ್ತೆ ಇವ್ನ. ಆಫೀಸಲ್ಲಿ ಕುಂತ್ಕಂಡೇ ಬರ್ದವ್ನೆ. ಎಲ್ಲೂ ಓಗಿಲ್ಲ, ಯಾರ್ನೂ ಕೇಳಿಲ್ಲ. ಇಂಥೋರಿಂದ್ಲೇ ಜನಕ್ಕೆ ಪೇಪರ್ ಮೇಲೆ ನಂಬ್ಕೆ ಓಗಿರೋದು.”

ಇಸವಿ ಹಚ್ಚುವ ಕೆಲಸ ಆಮೇಲೆ ಶುರುವಾಯಿತು. ಮೊದಲು ಚೂರುಗಳ ಬೆನ್ನು ನೋಡಿದೆವು. ಕೆಲವಕ್ಕೆ ಬೆನ್ನಿನಲ್ಲಿ ಚುನಾವಣೆಯೋ, ಪರೀಕ್ಷೆಯ ಫಲಿತಾಂಶವೋ ಇದ್ದು ಇಸವಿ ಸಿಕ್ಕಿತು. ಇನ್ನು ಕೆಲವು ನನಗೇ ಗಟ್ಟಿಯಾಗಿ ಗೊತ್ತಿದ್ದವು. ಮಾಂಬಳ್ಳಿಯ ಪಕ್ಕ ಹಳ್ಳ ಉಕ್ಕಿ ನಮ್ಮಪ್ಪನ ಎಮ್ಮೆ ಕೊಚ್ಚಿಹೋದ ವರ್ಷ ನಾನು ಮರೆಯುವ ಹಾಗಿಲ್ಲ. ಇಷ್ಟಾದ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿದವು. ಕೆಲವು ಚೂರುಗಳಂತೂ ನನ್ನ ಗಂಜಿ ಕೈಯಿಂದಾಗಿ ಬೆನ್ನಿಗೆ ಬೆನ್ನು ಅಂಟಿಕೊಂಡಿದ್ದವು. ಕಿತ್ತರೆ ಹರಿಯುತ್ತವೆ ಎಂದು ನಾನೇ ಬಿಡಿಸಲು ಬಿಡಲಿಲ್ಲ.

“ನೆನಪ್ ಮಾಡ್ಕಂಡ್ ಏಳು ಅತ್ತೆ. ಇದ್ ಕತ್ತರ್ಸಿದ್ದು ಯಾವಾಗ?”

ನಾನು ಹೇಳಿದೆ. ಮೊದಮೊದಲು ತಡವರಿಸಿದೆ, ಆಮೇಲೆ ಸರಾಗವಾಗಿ ಬಂತು. ಇದು ಯಜಮಾನ್ರು ತೀರ್ಕಂಡ್ ವರ್ಸದ್ದು. ಇದು ಅದರ ಮಾರನೇ ವರ್ಸದ್ದು. ಇದು ಅಪ್ಪ ಇದ್ದಾಗಿನದು. ನಾನು ಬಾಯಿ ಬಿಟ್ಟ ಕೂಡಲೇ ಅವಳು ಚೂರಿನ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಇಸವಿ ಬರೆಯುವಳು. ನನ್ನ ಮಾತನ್ನು ಯಾರೂ ಅಷ್ಟು ಬೇಗ ಬರೆದುಕೊಂಡಿರಲಿಲ್ಲ. ಹಾಗೆ ಬರೆದುಕೊಳ್ಳುವವರು ಎದುರಿಗೆ ಕೂತಿದ್ದರೆ ಗೊತ್ತಿಲ್ಲ ಅನ್ನಲು ಬಾಯಿ ಬರುವುದಿಲ್ಲ. ಒಂದೆರಡು ಸಲ ಗೊತ್ತಿಲ್ಲ ಅಂದೆ. ಅವಳ ಮುಖ ಬಾಡಿತು. ಮೂರನೇ ಸಲದಿಂದ ಗೊತ್ತಿದೆ ಅಂದೆ.

ಚೂರುಗಳನ್ನೆಲ್ಲ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಮಾಡಿಸಿದಳು, ಸುದ್ದಿ ಇದ್ದ ಮಗ್ಗುಲು ಮಾತ್ರ. ಮೂಲದ ಚೂರುಗಳನ್ನು ನನಗೇ ವಾಪಸ್ಸು ಕೊಟ್ಟು ಹೋದಳು. ತಿಂಗಳ ಮೇಲೆ ಮತ್ತೆ ಬಂದು ಒಂದು ಹಾಳೆ ತೋರಿಸಿದಳು. ಅದರ ಮೇಲೆ ಒಂದು ಗೆರೆ. ವರ್ಷ ವರ್ಷಕ್ಕೂ ಮಳೆ ಬಂತು ಎನ್ನುವ ಸುದ್ದಿ ಎಷ್ಟು, ಮಳೆ ಕೈಕೊಟ್ಟಿತು ಎನ್ನುವ ಸುದ್ದಿ ಎಷ್ಟು ಎಂದು ಲೆಕ್ಕ ಹಾಕಿ ಎಳೆದದ್ದು. ಗೆರೆ ಮೊದಲು ಮಟ್ಟಸವಾಗಿ ಬಂದು, ನಡುವೆ ಒಂದು ಕಡೆ ಬಾವಿಗೆ ಇಳಿದ ಹಾಗೆ ಇಳಿದು, ಮತ್ತೆ ಮೇಲೇಳಲೇ ಇಲ್ಲ.

“ನಮ್ ಗೈಡು ಕುಣುದ್ಬುಟ್ರು ಅತ್ತೆ. ಇಂಥದ್ದು ಜಿಲ್ಲೇಲಿ ಯಾರೂ ಮಾಡಿಲ್ವಂತೆ. ಮೈಸೂರಿನ ಒಂದ್ ಪೇಪರ್ಗೆ ನನ್ ಹೆಸ್ರು ಏಳವ್ರೆ. ಪ್ರಬಂಧ ಕೊಟ್ಟೇಟ್ಗೆ ಕೆಲ್ಸ.”

ಗೆರೆ ಇಳಿದ ಜಾಗದ ಮೇಲೆ ಬೆರಳಿಟ್ಟು ಅದು ಯಾವ ವರ್ಷ ಎಂದು ಕೇಳಿದೆ. ಹೇಳಿದಳು. ನಮ್ಮ ಯಜಮಾನರು ತೀರಿಕೊಂಡ ವರ್ಷ. ಒಳಗೆ ಎದ್ದು ಹೋಗಿ ಅವಳಿಗೆ ಕಾಫಿ ಮಾಡಿಕೊಟ್ಟೆ.

ಆಷಾಢದಲ್ಲಿ ಒಂದು ಸಂಜೆ ಗಾಳಿಯ ಜೊತೆ ಒಂದು ಬಿರುಸಿನ ಮಳೆ ಬಂತು. ಹೆಂಚು ಸರಿದು ಅಟ್ಟದ ಮೇಲೆ ಸೋರಿ ಉತ್ತರೆಯ ಚೀಲ ನೆನೆಯಿತು. ಬೆಳಗ್ಗೆ ಬಿಸಿಲಿಗೆ ಹರವಲು ತೆಗೆದರೆ, ಬೆನ್ನಿಗೆ ಬೆನ್ನು ಅಂಟಿಕೊಂಡಿದ್ದ ಚೂರುಗಳು ನೀರಿಗೆ ತಾವೇ ಬಿಟ್ಟುಕೊಂಡಿದ್ದವು. ಮೇಲಿದ್ದ ಚೂರಿನಲ್ಲಿ ಉತ್ತರೆ ಮಳೆ ಇಲ್ಲ, ಹುರುಳಿ ಬಿತ್ತನೆ ಇಲ್ಲ ಎಂದು ಸುದ್ದಿ. ಮೂಲೆಯಲ್ಲಿ ಅವಳ ಪೆನ್ಸಿಲು, ಯಜಮಾನರು ಹೋದ ವರ್ಷ. ಮಗುಚಿ ನೋಡಿದೆ. ಬೆನ್ನಿನಲ್ಲಿ ಯಳಂದೂರಿನ ಟೆಂಟ್ ಸಿನಿಮಾದ ಜಾಹೀರಾತು, ದಿನಾ ಎರಡು ಆಟ ಎಂದು. ಆ ಟೆಂಟು ಕಿತ್ತು ಅಲ್ಲಿ ಮನೆಗಳನ್ನು ಕಟ್ಟಿದ್ದು ನಮ್ಮಪ್ಪ ಬದುಕಿದ್ದಾಗಲೇ. ಗೃಹಪ್ರವೇಶಕ್ಕೆ ಅಪ್ಪ ಹೋಗಿ ಉಂಡು ಬಂದಿದ್ದ. ಅಂದರೆ ಆ ಚೂರು ನಾನು ಹೇಳಿದ ವರ್ಷದ್ದಾಗಲು ಸಾಧ್ಯವೇ ಇಲ್ಲ. ಅದಕ್ಕಿಂತ ನಾಲ್ಕೈದು ವರ್ಷ ಹಳೆಯದು.

ಬಿಟ್ಟುಕೊಂಡ ಎಂಟು ಚೂರನ್ನೂ ಮಗುಚಿ ನೋಡಿದೆ. ಐದು ತಪ್ಪು. ತಪ್ಪಿದ ಐದೂ ಒಂದೇ ದಿಕ್ಕಿಗೆ ತಪ್ಪಿದ್ದವು. ಮಳೆ ಇಲ್ಲ ಎಂಬುದನ್ನೆಲ್ಲ ನಾನು ಯಜಮಾನರು ಹೋದ ಮೇಲಕ್ಕೆ ತಳ್ಳಿದ್ದೆ. ಮಳೆ ಬಂತು ಎಂಬುದನ್ನೆಲ್ಲ ಅವರು ಇದ್ದ ಕಾಲಕ್ಕೆ ಹಾಕಿದ್ದೆ. ಬೇಕೆಂದು ಮಾಡಿದ್ದಲ್ಲ. ಒಣಗಿದ ಸುದ್ದಿ ಓದಿದರೆ ಆ ವರ್ಷ ಅನ್ನಿಸುತ್ತಿತ್ತು, ಅನ್ನಿಸಿದ್ದನ್ನು ಹೇಳಿದೆ. ಅಂಟಿಕೊಂಡಿದ್ದ ಎಂಟರಲ್ಲಿ ಐದು ಹೀಗಾದರೆ, ಉಳಿದವುಗಳ ಗತಿ ಏನು ಎಂದು ಲೆಕ್ಕ ಹಾಕಲು ನನಗೆ ಯಾವ ಓದೂ ಬೇಕಾಗಿರಲಿಲ್ಲ. ಆ ಹುಡುಗಿ ಎಳೆದ ಗೆರೆ ಮಳೆಯದ್ದಲ್ಲ, ನನ್ನದು.

ಎರಡು ದಿನ ಸುಮ್ಮನಿದ್ದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳಿಗೆ ಕೆಲಸ ಸಿಗುತ್ತಿತ್ತು. ನಮ್ಮ ವಂಶದಲ್ಲಿ ಕುರ್ಚಿಯ ಮೇಲೆ ಕೂತು ಸಂಬಳ ತೆಗೆದುಕೊಂಡವರು ಯಾರೂ ಇಲ್ಲ. ಮೂರನೇ ದಿನ ಚೂರುಗಳನ್ನು ಒಂದು ಪೊಟ್ಟಣಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದವರೆಲ್ಲ ಆ ಬಸ್ಸಿನಲ್ಲೇ ಇದ್ದರು. ಮೈಸೂರಿನವರೆಗೂ ನಿಂತೇ ಹೋದೆ.

ಹಾಸ್ಟೆಲಿನ ಮುಂದೆ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಅವಳು ಓಡಿಬಂದಳು.

“ಏನತ್ತೆ, ಏಳ್ದೆ ಕೇಳ್ದೆ ಬಂದ್ಬುಟ್ಟೆ? ಅಪ್ಪಂಗೇನಾರ ಆಯ್ತಾ?”

“ನಿಮ್ಮಪ್ಪಂಗೇನಾಯ್ತದೆ, ಪಂಚರ್ ಆಕ್ತಾ ಕುಂತವ್ನೆ. ಕುಂತ್ಕೊ. ನಾನ್ ಏಳಿದ್ ಇಸವಿ ಸುಳ್ಳು.”

“ಯಾವ್ದು?”

“ಬಾಯಲ್ಲಿ ಏಳಿದ್ದೆಲ್ಲ ಅಂತ ಇಟ್ಕೊ. ಇಲ್ನೋಡು.”

ಚೂರುಗಳನ್ನು ಒಂದೊಂದಾಗಿ ಮಗುಚಿ ತೋರಿಸಿದೆ. ಟೆಂಟಿನ ವಿಷಯ ಹೇಳಿದೆ. ಅವಳು ಐದನೆಯದನ್ನು ನೋಡಲಿಲ್ಲ, ಮುಖ ತಿರುಗಿಸಿದಳು.

“ಬೈಂಡಿಂಗೇ ಆಗೋಗದೆ ಅತ್ತೆ. ಮೂರ್ ಕಾಪಿ. ಚಿನ್ನದ ಅಕ್ಷರ ಹಾಕ್ಸಿವ್ನಿ. ಸೋಮವಾರ ಕೊಡ್ಬೇಕು.”

“ಗೊತ್ತು. ಅದ್ಕೇ ಇವತ್ತು ಬಂದೆ.”

“ಮಳೆ ಕಮ್ಮಿ ಆಗಿರೋದು ನಿಜ ತಾನೆ? ಬಿಸ್ಲು ಜಾಸ್ತಿ ಆಗಿರೋದು ನಿಜ ತಾನೆ? ಎಲ್ಲಾರ್ಗೂ ಗೊತ್ತಿರೋದೇ ತಾನೆ ಆ ಗೆರೇಲಿ ಇರೋದು?”

“ನಿಜವೇ ಇರ್ಬೌದು. ಎಲ್ಲಾರ್ಗೂ ಗೊತ್ತಿದ್ರೆ ನನ್ನ ಯಾಕ್ ಕೇಳ್ದೆ? ಕೇಳ್ದೇನೇ ಬರ್ಕಬೌದಾಗಿತ್ತು.”

“ನೀನೇ ತಾನೆ ಏಳಿದ್ದು!” ಅವಳ ದನಿಗೆ ಅಲ್ಲಿ ಹೋಗುತ್ತಿದ್ದ ಹುಡುಗಿಯರು ತಿರುಗಿ ನೋಡಿದರು.

“ಹೂಂ, ನಾನೇ. ತಪ್ಪು ನಂದೇ. ಆದ್ರೆ ಅವನ್ಯಾವನ್ನೋ ಬೈದ್ಯಲ್ಲ, ಆಫೀಸಲ್ಲಿ ಕುಂತ್ಕಂಡೇ ಬರ್ದವ್ನೆ ಅಂತ. ನೀನು ನಮ್ಮನೆ ಜಗ್ಲೀಲಿ ಕುಂತ್ಕಂಡ್ ಬರ್ದೆ. ಇನ್ನೇನ್ ಎಚ್ಚು ಮಾಡ್ದೆ?”

ಅದು ಅವಳಿಗೆ ತಾಗಿತು. ತಾಗಲಿ ಎಂದೇ ಹೇಳಿದ್ದು. ಎದ್ದು ಚಪ್ಪಲಿ ಮೆಟ್ಟಿ, ಬಾ ಎಂದೂ ಅನ್ನದೆ ಕಾಲೇಜಿನ ಕಡೆ ನಡೆದಳು. ನಾನು ಹಿಂದೆ ಹೋದೆ.

ಅವಳ ಗೈಡು ಒಳ್ಳೇ ಮನುಷ್ಯನೇ. ನನಗೆ ಕುರ್ಚಿ ಕೊಟ್ಟರು, ನೀರು ತರಿಸಿದರು. ಚೂರುಗಳನ್ನು ಕನ್ನಡಕ ಮೇಲೆತ್ತಿ ನೋಡಿದರು. ಆಮೇಲೆ ನಿಧಾನವಾಗಿ, “ಅಮ್ಮಾ, ಇದನ್ನೆಲ್ಲ ಯಾರೂ ಇಷ್ಟು ಕೂದಲು ಸೀಳಿ ನೋಡಲ್ಲ. ಈ ಗೆರೆಯಿಂದ ಯಾರಿಗೂ ಕೆಡುಕಿಲ್ಲ. ಜನಕ್ಕೆ ಎಚ್ಚರ ಬಂದರೆ ಒಳ್ಳೇದೇ ಅಲ್ವಾ?” ಅಂದರು.

“ಬರ್ಬೇಕು ಸಾ. ನಮ್ ಬೀದೀಲಿ ಒಬ್ಬ ಅವ್ನೆ, ನಲ್ಲೀಲಿ ನೀರ್ ಬಂತು ಅಂತ ಸುಮ್ಸುಮ್ನೆ ಕೂಗೋನು. ಈಗ ನಿಜವಾಗ್ಲೂ ನೀರ್ ಬಂದು ಅವ್ನ್ ಕೂಗಿದ್ರೂ ಒಬ್ರೂ ಬಿಂದ್ಗೆ ಎತ್ಕಳಲ್ಲ.”

ಅವರು ಸ್ವಲ್ಪ ನಕ್ಕರು. ನಕ್ಕು ಹುಡುಗಿಯ ಕಡೆ ತಿರುಗಿದಾಗ ಮುಖದಲ್ಲಿ ನಗು ಇರಲಿಲ್ಲ. “ಚೀಲಗಳ ದಪ್ಪದ ವಿಷಯ ಉಳಿಯುತ್ತೆ. ಅದು ಪತ್ರಿಕೆಯವರ ಅಭ್ಯಾಸದ ಮಾತಾಯಿತು, ಹವಾಮಾನ ಬದಲಾವಣೆಗೆ ಸಾಕ್ಷಿಯಲ್ಲ. ಗ್ರಾಫ್ ತೆಗೆದರೆ ಇದು ಸಾಧಾರಣ ಪ್ರಬಂಧ. ಪೇಪರಿನವರಿಗೆ ನಿಮ್ಮ ಹೆಸರು ಹೇಳಿದ್ದು ಈ ಗ್ರಾಫ್ ತೋರಿಸಿ. ಯೋಚನೆ ಮಾಡಿ. ನಿರ್ಧಾರ ನಿಮ್ಮದು.”

ಅವಳು ಕಾರಿಡಾರಿನಲ್ಲಿ ಕಂಬಕ್ಕೆ ಒರಗಿ ಬಹಳ ಹೊತ್ತು ನಿಂತಳು. ನಾನು ಹೇಳುವುದನ್ನೆಲ್ಲ ಹೇಳಿಯಾಗಿತ್ತು. ಸತ್ಯ ಹೇಳಬೇಕು ಎಂದೇ ನಾನು ಬಂದದ್ದೋ, ಗಂಡ ಸತ್ತ ವರ್ಷವನ್ನು ಊರವರ ಮುಂದೆ ಚಿತ್ರ ಬರೆದು ತೋರಿಸುವುದು ಬೇಡ ಎಂದು ಬಂದದ್ದೋ, ಅದು ನನಗೇ ಆಗ ಸ್ಪಷ್ಟವಿರಲಿಲ್ಲ. ಈಗಲೂ ಇಲ್ಲ. ಅವಳು ಮೂಗು ಒರೆಸಿಕೊಂಡು, “ಬಾ, ಬೈಂಡಿಂಗ್ ಅಂಗ್ಡಿ ಮುಚ್ಬುಡ್ತಾನೆ” ಅಂದಳು.

ಬೈಂಡಿಂಗಿನವನಿಗೆ ರೇಗಿತು. “ನೆನ್ನೆ ತಾನೆ ಕಟ್ಟಿದ್ದು ಕಣಮ್ಮ. ಕಟ್ಟೋಕ್ ಒಂದ್ ಗಂಟೆ, ಬಿಚ್ಚೋಕ್ ಒಂದ್ ದಿನ. ಕಿತ್ರೆ ಹಾಳೆ ಹರೀತದೆ, ನನ್ನ ಕೇಳ್ಬೇಡಿ.”

“ಕೊಡಿ ಇಲ್ಲಿ. ಒಂದು ಒದ್ದೆ ಬಟ್ಟೆ, ಒಂದು ಬ್ಲೇಡು ಕೊಡಿ” ಅಂದೆ.

ಅಂಟು ಎಲ್ಲಿ ಹಿಡಿದಿದೆ, ಎಲ್ಲಿ ಬಿಡುತ್ತದೆ ಎನ್ನುವುದು ನನ್ನ ಕೈಗೆ ಗೊತ್ತು. ಬೆನ್ನಿಗೆ ಒದ್ದೆ ಬಟ್ಟೆ ಒತ್ತಿ, ಅಂಟು ಮೆತ್ತಗಾದ ಮೇಲೆ ನೂಲು ಕೊಯ್ದು, ಮೂರು ಕಾಪಿಯ ಹಾಳೆಗಳನ್ನೂ ಬಿಡಿಸಿದೆ. ಒಂದೂ ಹರಿಯಲಿಲ್ಲ. ಅವಳು ಗೆರೆ ಇದ್ದ ಹಾಳೆಯನ್ನೂ ಅದರ ಹಿಂದುಮುಂದಿನ ಹನ್ನೊಂದು ಪುಟಗಳನ್ನೂ ತೆಗೆದಳು.

“ಪುಟದ ನಂಬರು ತಪ್ಪೋಯ್ತದಲ್ಲಮ್ಮ” ಅಂದ ಅವನು.

“ತಪ್ಲಿ” ಅಂದಳು. ಅಲ್ಲೇ ಅವನ ಮೇಜಿನ ಮೇಲೆ ಬಗ್ಗಿ, ಮೂರು ಬಿಳಿ ಹಾಳೆಗಳ ಮೇಲೆ ಕೈಯಲ್ಲೇ ಬರೆದು ಆ ಜಾಗಕ್ಕೆ ಸೇರಿಸಿದಳು. ನಾನು ಓದಿದೆ. ಈ ತುಣುಕುಗಳ ತಿಂಗಳು ಮತ್ತು ದಿನ ಗೊತ್ತಿದೆ, ಇಸವಿ ಗೊತ್ತಿಲ್ಲ. ನೆನಪಿನಿಂದ ಹೇಳಿದ ಇಸವಿಗಳಲ್ಲಿ ತಪ್ಪು ಕಂಡುಬಂದದ್ದರಿಂದ ಗ್ರಾಫನ್ನು ಕೈಬಿಡಲಾಗಿದೆ. ತಪ್ಪನ್ನು ಕಂಡುಹಿಡಿದವರು ನೆನಪಿನಿಂದ ಹೇಳಿದವರೇ. ಇಷ್ಟೇ. ನನ್ನ ಹೆಸರು ಹಾಕಿರಲಿಲ್ಲ. ಒಳ್ಳೆಯದೇ ಮಾಡಿದಳು.

ಬಸ್ಸಿಗೆ ಹತ್ತಿಸಲು ಬರಲಿಲ್ಲ. ದಾರಿ ಗೊತ್ತಲ್ಲ ಅಂದಳು. ಗೊತ್ತು ಅಂದೆ.

ಅವಳು ಪಾಸಾದಳು, ಎರಡನೇ ದರ್ಜೆಯಲ್ಲಿ. ಮೈಸೂರಿನ ಪೇಪರಿನ ಕೆಲಸ ಬೇರೊಬ್ಬರಿಗೆ ಹೋಯಿತು. ಎರಡು ಸಾವಿರದ ನಾಲ್ಕರ ಮೊದಲ ತಿಂಗಳುಗಳಲ್ಲಿ ಅವಳು ಹನೂರಿನಲ್ಲೇ ಒಂದು ಎಸ್‌ಟಿಡಿ ಬೂತಿನಲ್ಲಿ ಕೂರುತ್ತಿದ್ದಳು. ತಮ್ಮ ನನ್ನ ಮನೆಗೆ ಬರುವುದನ್ನು ಬಿಟ್ಟ. ಯುಗಾದಿಗೆ ನಾನೇ ಹೋದೆ. ಬಾಗಿಲಲ್ಲೇ ಸೈಕಲಿನ ರಿಮ್ ತಿರುಗಿಸುತ್ತಾ, ತಲೆ ಎತ್ತದೆ, “ಬಾಯ್ ಮುಚ್ಕಂಡಿದ್ರೆ ನಿನ್ ಗಂಟೇನ್ ಓಯ್ತಿತ್ತಕ್ಕ?” ಅಂದ. ಅವನು ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಹುಡುಗಿ ಬೂತಿನಲ್ಲಿದ್ದಳು. ಗಾಜಿನ ಡಬ್ಬದೊಳಗೆ ಯಾರೋ ತಮಿಳಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಅವಳ ಮುಂದೆ ಅವತ್ತಿನ ಪೇಪರು ಬಿಚ್ಚಿತ್ತು. ಪಕ್ಕದ ಸ್ಟೂಲು ಎಳೆದು ಕೊಟ್ಟಳು. ಒಬ್ಬಟ್ಟು ತಂದಿದ್ದೆ, ಬಿಚ್ಚಿ ತಿಂದಳು. ತಿನ್ನುವಾಗ ಕೇಳಿದೆ.

“ಪ್ರಬಂಧದ್ದು ಬ್ಯಾಸ್ರ ಅದಾ ಅಮ್ಮಿ?”

ಒಬ್ಬಟ್ಟಿನ ತುಪ್ಪ ಪೇಪರಿಗೆ ತಾಗದ ಹಾಗೆ ಅವಳು ಕೈಯನ್ನು ದೂರ ಹಿಡಿದುಕೊಂಡಳು.

“ಅದೆ ಅತ್ತೆ. ತಪ್ಪು ಮಾಡ್ದೆ ಅಂತ ಅಲ್ಲ. ಬ್ಯಾಸ್ರ ಅದೆ.”

ಡಬ್ಬದ ಒಳಗಿದ್ದವರು ಫೋನು ಇಟ್ಟರು. ಅವಳು ಎದ್ದು ಮೀಟರು ನೋಡಲು ಹೋದಳು.